ಬುಟ್ಟಿಗೆ ಬಿದ್ದ ಗುರುತುಗಳು

"ಲಗತ್ತಿಸಿದೆ" ಎಂದು ಬರೆದುಕೊಟ್ಟ ದಿನದಿಂದ ಕಾಜಕ್ಕನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಊರಿನ ನಿಧಿಗೆ ಹಾಕಿದ ಅರ್ಜಿಯಲ್ಲಿದ್ದದ್ದು ಹನ್ನೆರಡು ಪ್ರಶ್ನೆ. ಹನ್ನೊಂದಕ್ಕೆ ಅವಳು ಮೂರು ಸಂಜೆ ಕೂತು, ಒರಟು ಹಾಳೆಯಲ್ಲಿ ಬರೆದು, ತಿದ್ದಿ, ಮತ್ತೆ ಬರೆದು ಉತ್ತರ ಕೊಟ್ಟಿದ್ದಳು. ಉಳಿದ ಒಂದು ಹೀಗಿತ್ತು: "ಕಳೆದ ವರ್ಷ ನಿಮ್ಮಿಂದ ಪ್ರಯೋಜನ ಪಡೆದವರ ಹೆಸರು ಮತ್ತು ವಿಳಾಸದ ಪಟ್ಟಿ." ಅದರ ಮುಂದೆ ಜಾಗ ಖಾಲಿ ಬಿಡಲು ಅವಳಿಗೆ ಧೈರ್ಯ ಬರಲಿಲ್ಲ. ಖಾಲಿ ಮಾತ್ರ ಬಿಡಬೇಡಿ, ಏನಾದರೂ ಬರೆಯಿರಿ ಎಂದು ಅವಳು ಓದಿದ ಸಂಜೆ ಶಾಲೆಯ ಮೇಷ್ಟ್ರು ವರ್ಷವಿಡೀ ಬಡಿದುಕೊಂಡಿದ್ದರು. ಅವಳು ದುಂಡಗೆ "ಲಗತ್ತಿಸಿದೆ" ಎಂದು ಬರೆದಳು. ಲಗತ್ತಿಸಿದ್ದು ಏನೂ ಇರಲಿಲ್ಲ. ಪಟ್ಟಿ ಎನ್ನುವುದೇ, ಕಾಯಿಲೆಯವರಿಗೆ ಸಾಮಾನು ಎರವಲು ಕೊಡುವ ಅವರ ಕೋಣೆ ಹುಟ್ಟಿದಾಗಿನಿಂದ ಇರಲಿಲ್ಲ.

ಈಗ ಶುಕ್ರವಾರ ನಾಲ್ಕು ಗಂಟೆಗೆ ನಿಧಿಯಿಂದ ಒಬ್ಬರು ನೋಡಲು ಬರುವವರಿದ್ದರು.

"ನೋಡೋಕೆ ಬರ್ತಾರೆ ಅಂದ್ರೆ ಒಳ್ಳೇದೇ ತಾನೇ?" ಎಂದ ಗಂಡ, ಬೂಟಿನ ದಾರ ಕಟ್ಟುತ್ತ. ಅವನು ಬಸ್ ಓಡಿಸುವವನು. ಬೆಳಗಿನ ಪಾಳಿಗೆ ಹೊರಟಿದ್ದ. "ಬೇಡ ಅನ್ನೋರು ಬಾಗಿಲ ತನಕ ಬರ್ತಾರಾ?"

"ಪಟ್ಟಿ ಎಲ್ಲಿ ಅಂತ ಕೇಳೋಕೆ ಬರ್ತಿದ್ದಾರೆ ರೀ."

"ಕೇಳಿದ್ರೆ ಇಲ್ಲ ಅನ್ನು."

"ಇದೆ ಅಂತ ಬರೆದಿದ್ದೀನಲ್ಲ!"

ಗಂಡ ಒಂದು ದಾರ ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದ. "ಹಂಗಾದ್ರೆ ಸ್ವಲ್ಪ ಬೆವರು. ನಾನೇನು ಮಾಡ್ಲಿ?" ಎಂದು ಊಟದ ಡಬ್ಬಿ ತೆಗೆದುಕೊಂಡು ನಡೆದೇಬಿಟ್ಟ.

ಅವಳು ಉಡುಪಿನ ಕಾರ್ಖಾನೆಯಲ್ಲಿ ಹದಿಮೂರು ವರ್ಷದಿಂದ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಗುಂಡಿ ತೂರುವ ಆ ಸಣ್ಣ ಸೀಳುಗಳಿಂದಲೇ ಅವಳಿಗಿಂತ ದೊಡ್ಡವರಿಗೂ ಕಾಜಕ್ಕ ಆಗಿದ್ದಳು. ಆ ಶುಕ್ರವಾರ ಒಂದು ದಿನದ ರಜೆ ಕೇಳಿದಾಗ ಮೇಸ್ತ್ರಿ ಕನ್ನಡಕದ ಮೇಲಿಂದ ನೋಡಿ, "ಹೋಗು ಹೋಗು. ಕಾಜಾಗಳು ತಾವಾಗೇ ಬೀಳ್ತವೆ, ನೀನ್ಯಾಕೆ ಬೇಕು?" ಎಂದಿದ್ದ. ಆ ಮಾತು ಬೇರೆ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಕೋಣೆ ಇದ್ದದ್ದು ಬೀದಿಯ ತಿರುವಿನಲ್ಲಿ. ಮೊದಲು ಅದು ಇಸ್ತ್ರಿ ಅಂಗಡಿ. ಮುಂಭಾಗಕ್ಕೆ ದೊಡ್ಡ ಗಾಜು. ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ ನಾಲ್ಕು ವರ್ಷದ ಹಿಂದೆ ಅದನ್ನು ಹಿಡಿದದ್ದು ಒಂದು ಸಿಟ್ಟಿನಲ್ಲಿ. ಒಂದು ಮನೆಯಲ್ಲಿ ಮೂರೇ ವಾರ ಬೇಕಾಗಿದ್ದ ಗಾಲಿಕುರ್ಚಿ ಅಟ್ಟ ಸೇರಿ ತುಕ್ಕು ಹಿಡಿದಿತ್ತು. ಅಲ್ಲಿಂದ ಮೂರನೇ ಮನೆಯಲ್ಲಿ ಮಗನೊಬ್ಬ ತಂದೆಯನ್ನು ಬೆನ್ನ ಮೇಲೆ ಹೊತ್ತು ಬಚ್ಚಲಿಗೆ ಒಯ್ಯುತ್ತಿದ್ದ. ಒಬ್ಬರ ಮನೆಯ ಕಾಯಿಲೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಗೊತ್ತಾಗುವುದು ಯಾರಿಗೂ ಬೇಕಿರಲಿಲ್ಲ. ಬಾಡಿಗೆ ಮನೆಯವರಿಗೆ ಮನೆಯೊಡೆಯನ ಭಯ, ಕೂಲಿಯವರಿಗೆ ಧಣಿಯ ಭಯ, ಉಳಿದವರಿಗೆ ನಾಲ್ಕು ಜನರ ಬಾಯಿಯ ಭಯ.

ಅದಕ್ಕೇ ನರ್ಸಮ್ಮ ಹೆಸರು ಬರೆದುಕೊಳ್ಳುವುದು ಬೇಡ ಎಂದರು. ಗೋಡೆಯ ಹಲಗೆಗೆ ಕೊಕ್ಕೆಗಳನ್ನು ಹೊಡೆಸಿದರು, ಒಂದೊಂದು ಸಾಮಾನಿಗೆ ಒಂದೊಂದು. ಗಾಲಿಕುರ್ಚಿಯೋ ಊರುಗೋಲೋ ಒಯ್ಯುವವರು ಅದರ ಕೊಕ್ಕೆಗೆ ತಮ್ಮ ಮನೆಯದೊಂದು ಗುರುತು ತೂಗುಹಾಕಬೇಕು: ಸೌಟು, ಟೋಪಿ, ಹಳೆಯ ಬೀಗ, ಏನಾದರೂ. ಸಾಮಾನು ಹಿಂದಿರುಗಿಸಿದಾಗ ಗುರುತು ಒಯ್ಯಬೇಕು. ಕೀಲಿಕೈ ಪಕ್ಕದ ಸೈಕಲ್ ರಿಪೇರಿಯವನ ಹತ್ತಿರ ಇರುತ್ತಿತ್ತು. ಯಾರಾದರೂ ಬಂದರೆ ಅವನು ಬಾಗಿಲು ತೆಗೆದು, "ಒಳಗೆ ನೋಡ್ಕೊಳಿ, ನಂಗೆ ಪಂಕ್ಚರ್ ಇದೆ" ಎಂದು ಬೆನ್ನು ಹಾಕಿ ಕೂರುತ್ತಿದ್ದ.

ಇನ್ನೊಂದು ಪದ್ಧತಿ ತಾನಾಗಿಯೇ ಬೆಳೆದಿತ್ತು. ಯಾರಿಗೋ ಮಂಚ ಬೇಕು, ಕೋಣೆಯಲ್ಲಿ ಮಂಚ ಇಲ್ಲ ಅನ್ನಿ. ಆಗ ಮಂಚದ ಕೊಕ್ಕೆಯ ಗುರುತನ್ನು ಗಾಜಿನ ಹಿಂದಿನ ಬೆತ್ತದ ಬುಟ್ಟಿಗೆ ಹಾಕುತ್ತಿದ್ದರು. ಬೀದಿಯಲ್ಲಿ ಹೋಗುವಾಗ ತಮ್ಮ ಸೌಟು ಬುಟ್ಟಿಯಲ್ಲಿ ಕಂಡವರಿಗೆ ಅರ್ಥವಾಗುತ್ತಿತ್ತು: ಬೇರೆ ಯಾರೋ ಕಾಯುತ್ತಿದ್ದಾರೆ, ಆದಷ್ಟು ಬೇಗ ತಂದುಕೊಡಿ. ಕೇಳುವ ಮಾತಿಲ್ಲ, ಮುಖ ನೋಡುವ ಮುಜುಗರವಿಲ್ಲ. ಬುಟ್ಟಿಯಲ್ಲಿ ಯಾವತ್ತೂ ಒಂದೋ ಎರಡೋ ಗುರುತು, ಅಷ್ಟೇ.

ಮೂರು ವರ್ಷ ಇದೆಲ್ಲ ಕುಂಟುತ್ತ ನಡೆಯಿತು. ಹೋದ ವರ್ಷ ಊರಿನ ನಿಧಿ ಕೈ ಹಿಡಿಯಿತು. ನಿಧಿ ಎಂದರೆ ಸರ್ಕಾರದ್ದಲ್ಲ, ಯಾವ ಧಣಿಯದ್ದೂ ಅಲ್ಲ. ಮಕ್ಕಳಿಲ್ಲದ ಬೇಕರಿಯವನೊಬ್ಬ ಸಾಯುವಾಗ ಬರೆದಿಟ್ಟದ್ದು, ಅಂಗಡಿಯವರು ವರ್ಷಕ್ಕೊಮ್ಮೆ ಹಾಕಿದ್ದು, ಟೀಚರುಗಳು ತಿಂಗಳಿಗಿಷ್ಟು ಎಂದು ಕಟ್ಟಿದ್ದು, ಎಲ್ಲ ಒಂದೇ ಗಂಟು. ಊರಿನವರೇ ಒಂಬತ್ತು ಜನ ಕೂತು, ಈ ಸಲ ಯಾವ ಸಂಘಕ್ಕೆ, ಯಾವ ಬೀದಿಗೆ ಎಂದು ಹಂಚುತ್ತಿದ್ದರು. ಆ ಒಂದು ವರ್ಷದ ನೆರವಿನಲ್ಲಿ ತಲೆಯ ಕಡೆ ಎತ್ತಬಹುದಾದ ಎರಡು ಮಂಚ ಬಂದವು, ಕೋಣೆಯ ಬಾಡಿಗೆ ಸರಾಗವಾಯಿತು. ಬೀದಿಯ ನಾಲ್ಕು ಹೆಂಗಸರಿಗೆ, ಮಲಗಿದವರ ಬೆನ್ನು ಹುಣ್ಣಾಗದಂತೆ ಹೊರಳಿಸುವುದು ಹೇಗೆಂದು ನರ್ಸಮ್ಮ ಕಲಿಸಿದರು. ಗಾಲಿ ರಿಪೇರಿಯ ಕೆಲಸ ಬಂದು ಸೈಕಲ್‌ನವನು ಅಂಗಡಿ ಮುಚ್ಚುವ ಮಾತು ಬಿಟ್ಟ. ಎದುರು ಮನೆಯವರು ಎದುರು ಮನೆಯವರಿಗೆ "ಹೇಗಿದ್ದೀರಿ" ಅನ್ನುವ ಮಟ್ಟಕ್ಕೆ ಬೀದಿ ಬಂದಿತ್ತು.

ಈಗ ಮೂರು ವರ್ಷಕ್ಕೆ ಕೇಳಿದ್ದರು; ಕೋಣೆಯ ಕಾರ್ಯದರ್ಶಿಯೆಂದು ಅರ್ಜಿ ತುಂಬಿದ್ದು ಕಾಜಕ್ಕ. ಸಿಗದಿದ್ದರೆ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಬೇಕು. ಮೊಬೈಲ್ ಅಂಗಡಿಯವನು ಅಳತೆ ಪಟ್ಟಿ ಹಿಡಿದು ಎರಡು ಸಲ ಬಂದುಹೋಗಿದ್ದ. ಸಿಗದಿರುವುದಕ್ಕೆ ಕಾರಣ ತನ್ನ ಒಂದೇ ಒಂದು ಸುಳ್ಳು ಆಗಿಬಿಟ್ಟರೆ? ಕಾಜಕ್ಕ ಅದನ್ನು ನರ್ಸಮ್ಮನಿಗೂ ಹೇಳಿರಲಿಲ್ಲ. ಹೇಳಬೇಕೆಂದು ಮೂರು ಸಲ ಹೋಗಿ, ಬಿಸಿಲು ಜಾಸ್ತಿಯಾಯಿತು ಎನ್ನುವಂಥ ಮಾತಾಡಿ ಹಿಂದೆ ಬಂದಿದ್ದಳು.

ಮನಸ್ಸು ನಿಲ್ಲದಾಗ ಕೈಯನ್ನಾದರೂ ಸುಮ್ಮನಿರಿಸಬಾರದು ಎಂದು ಅವಳು ಶುಕ್ರವಾರ ಬೆಳಿಗ್ಗೆ ಹತ್ತಕ್ಕೇ ಕೋಣೆಗೆ ಬಂದಳು. ಸೈಕಲ್‌ನವನು ಟೈರು ತರಲು ಪೇಟೆಗೆ ಹೋಗಿದ್ದ. ಕೀಲಿಕೈಯನ್ನು ಹಿಂದಿನ ದಿನವೇ ಇಸಿದುಕೊಂಡಿದ್ದಳು. ಒಳಗೆ ನಿಂತು ನೋಡಿದರೆ ಹಲಗೆಯ ತುಂಬ ಕೈಯ ಜಿಡ್ಡು, ಗೋಡೆಗೆ ಗಾಲಿ ಉಜ್ಜಿದ ಕಪ್ಪು ಗೆರೆ. ಬರುವವರು ಏನೆಂದುಕೊಂಡಾರು? ಕಾಯಿಲೆಯವರ ಸಾಮಾನು ಇಡುವ ಜಾಗ ಇಷ್ಟು ಕೊಳಕಾ ಅನ್ನುವುದಿಲ್ಲವೆ? ಮನೆಯಲ್ಲಿ ಮಿಕ್ಕಿದ್ದ ಅರ್ಧ ಡಬ್ಬಿ ಬಣ್ಣ ನೆನಪಾಯಿತು. ಓಡಿಹೋಗಿ ತಂದಳು.

ಹಲಗೆಗೆ ಬಣ್ಣ ಹೊಡೆಯಬೇಕಾದರೆ ಗುರುತುಗಳನ್ನು ತೆಗೆಯಬೇಕಲ್ಲ. ಯಾವ ಗುರುತು ಯಾವ ಕೊಕ್ಕೆಯದೆಂದು ಅಂಗೈಯಗಲದ ಚೀಟಿಯಲ್ಲಿ ಸರಿಯಾಗಿ ಗುರುತು ಮಾಡಿಕೊಂಡಳು. ಅಷ್ಟು ಎಚ್ಚರ ಇತ್ತು. ಆಮೇಲೆ ಹದಿನೆಂಟು ಗುರುತನ್ನೂ ಬಿಚ್ಚಿ, ಕೈಗೆ ಸಿಕ್ಕ ಪಾತ್ರೆಯಲ್ಲಿ ಹಾಕಿ, ಬೀದಿಗೆ ಬೆನ್ನು ಮಾಡಿ ಬಣ್ಣ ಹೊಡೆಯಲು ನಿಂತಳು. ಕೈಗೆ ಸಿಕ್ಕಿದ್ದು ಗಾಜಿನ ಹಿಂದಿದ್ದ ಬೆತ್ತದ ಬುಟ್ಟಿ.

ಒಂದು ಗಂಟೆಗೆ ಕೆಲಸ ಮುಗಿಯಿತು. ಬಣ್ಣ ಹಸಿ ಇತ್ತು; ಒಣಗಲಿ, ಮೂರಕ್ಕೆ ಬಂದು ಗುರುತುಗಳನ್ನು ತೂಗುಹಾಕಿದರಾಯಿತು ಎಂದು ಬಾಗಿಲು ಹಾಕಿ ಮನೆಗೆ ಹೋದಳು. ಸ್ನಾನ ಮಾಡಿದಳು. ಕನ್ನಡಿಯ ಮುಂದೆ ನಿಂತು ಹೇಳಬೇಕಾದ್ದನ್ನು ಹೇಳಿ ನೋಡಿದಳು. "ಮೇಡಂ, ಪಟ್ಟಿಯ ವಿಷಯ ಏನೆಂದರೆ..." ಅಲ್ಲಿಗೆ ನಿಂತುಹೋಗುತ್ತಿತ್ತು. ಆರು ಸಲ ಹೇಳಿದಳು, ಆರು ಸಲವೂ ಅಲ್ಲಿಗೇ ನಿಂತಿತು.

ಮೂರಕ್ಕೆ ಬೀದಿ ತಿರುವಿಗೆ ಬಂದವಳು ಇದ್ದಲ್ಲೇ ನಿಂತಳು.

ಕೋಣೆಯ ಮುಂದೆ ಜನ. ಬರೀ ಜನ ಅಲ್ಲ, ಗಾಲಿಕುರ್ಚಿಗಳು. ಒಂದು, ಎರಡು, ಮೂರು. ಗೋಡೆಗೆ ಒರಗಿಸಿದ ಊರುಗೋಲುಗಳು. ಔಷಧಿ ಅಂಗಡಿಯವನ ಹೆಂಡತಿ ಗಾಳಿ ಹಾಸಿಗೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಹೂವಿನ ಗಿಡ ಮಾರುವವನು ವಾಕರನ್ನು ಮಡಚಿ ಹೆಗಲಿಗೆ ಹಾಕಿಕೊಂಡು, ಒಂದು ಕೈಯಲ್ಲಿ ಗಿಡದ ಗಾಡಿ ಹಿಡಿದು, ಒಂಟಿ ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದ. ವಾಕರು ಯಾರಿಗೋ ಅಲ್ಲ, ಅವನಿಗೇ ಬೇಕಾದದ್ದು ಎಂದು ನೋಡಿದರೆ ಗೊತ್ತಾಗುತ್ತಿತ್ತು. ಯಾರೋ ಕಂಬಳಿ ಬೇರೆ ತಂದಿದ್ದರು.

"ಕಾಜಕ್ಕಾ, ಬಂದ್ಯಾ!" ಸೈಕಲ್‌ನವನು ಟೈರುಗಳನ್ನು ಕೊರಳಿಗೆ ಹಾಕಿಕೊಂಡೇ ನುಗ್ಗಿ ಬಂದ. "ಬಸ್ ಎಲ್ಲಿ ಉರುಳಿದ್ದು?"

"ಯಾವ ಬಸ್ಸು?" ಬಸ್ ಎಂದ ಕೂಡಲೇ ಅವಳಿಗೆ ಗಂಡನ ನೆನಪಾಯಿತು.

"ನಂಗೇನು ಗೊತ್ತು, ನಾನೀಗ ಬಂದೆ! ಎಲ್ಲಾ ಗುರುತೂ ಬುಟ್ಟಿಗೆ ಬಿದ್ದಿದೆ, ಏನೋ ದೊಡ್ಡದೇ ಆಗಿದೆ, ಬಸ್ಸೇ ಉರುಳಿದೆ ಅಂತಿದ್ದಾರೆ. ಎಷ್ಟು ಜನಕ್ಕೆ ಪೆಟ್ಟಂತೆ?"

ಕಾಜಕ್ಕ ಗಾಜಿನ ಕಡೆ ನೋಡಿದಳು. ಬುಟ್ಟಿ ತುಂಬಿ ತುಳುಕುತ್ತಿತ್ತು. ಸೌಟು, ಟೋಪಿ, ಬೀಗ, ಮಗುವಿನ ಗಿಲಕಿ, ಹದಿನೆಂಟೂ ಬೀದಿಗೆ ಮುಖಮಾಡಿ ಕೂತಿದ್ದವು. ಅರ್ಥವಾಗಲು ಒಂದು ಉಸಿರು ಹಿಡಿಯಿತು.

"ಯಾವ ಬಸ್ಸೂ ಉರುಳಿಲ್ಲ" ಎಂದಳು. "ನಾನು... ನಾನು ಬಣ್ಣ ಹೊಡೆದೆ."

"ಏನು ಹೊಡೆದೆ?"

"ಬಣ್ಣ! ಹಲಗೆಗೆ! ಗುರುತು ಇಡೋಕೆ ಬುಟ್ಟಿ ತಗೊಂಡೆ!"

ಗಿಡದವನು ವಾಕರನ್ನು ಹೆಗಲಿನಿಂದ ಇಳಿಸಿ, ಬಿಡಿಸಿ, ಅದರ ಮೇಲೆ ಎರಡೂ ಕೈ ಊರಿ ಉಸ್ಸೆಂದ. "ಬಣ್ಣ ಚೆನ್ನಾಗಿ ಬಂದಿದೆಯಾ?" ಎಂದು ಕೇಳಿದ. ಯಾರೋ ನಕ್ಕರು. ಔಷಧಿ ಅಂಗಡಿಯವಳು ನಗಲಿಲ್ಲ. ಸುತ್ತ ನಿಂತವರನ್ನು ಒಬ್ಬೊಬ್ಬರಾಗಿ ನೋಡಿ, ಅವರೂ ತನ್ನನ್ನು ನೋಡುತ್ತಿದ್ದಾರೆ ಎಂದು ತಿಳಿದು, ಹಾಸಿಗೆಯನ್ನು ಅವುಚಿಕೊಂಡು ತಲೆ ತಗ್ಗಿಸಿದಳು.

ಆಗ ಮೇಸ್ತ್ರಿ ಬಂದ. ಕಾರ್ಖಾನೆಯ ಮೇಸ್ತ್ರಿಯೇ. ಕೆಲಸದ ನಡುವೆ ಎದ್ದು ಬಂದಿದ್ದ. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಹೊದಿಕೆ ಮುಚ್ಚಿದ ಕುರ್ಚಿಯೊಂದನ್ನು ಎದೆಗೆ ಅಪ್ಪಿಕೊಂಡಿದ್ದ. ಹೊದಿಕೆ ಒಂದು ಕಡೆ ಜಾರಿ, ಅದು ಮಲಗಿದವರಿಗೆ ಮಂಚದ ಪಕ್ಕದಲ್ಲೇ ಇಡುವ ಕಮೋಡ್ ಕುರ್ಚಿ ಎಂದು ಕಾಣುತ್ತಿತ್ತು. ಕಾಜಕ್ಕನನ್ನು ಕಂಡ. ಕುರ್ಚಿಯನ್ನು ಕೆಳಗಿಟ್ಟು, ಹೊದಿಕೆ ಸರಿಮಾಡಿ, "ಅಪ್ಪನಿಗೆ" ಎಂದಷ್ಟೇ ಹೇಳಿ ಬೇರೆ ಕಡೆ ನೋಡಿದ.

ಅವಳಿಗೆ ನೆಲ ಬಾಯಿ ಬಿಡಬಾರದೆ ಅನ್ನಿಸಿತು. ನಾಲ್ಕು ವರ್ಷ ಒಬ್ಬರಿಗೂ ಕಾಣದಂತೆ ಕಾಪಾಡಿದ್ದನ್ನು ಅರ್ಧ ಡಬ್ಬಿ ಬಣ್ಣಕ್ಕಾಗಿ ನಡುಬೀದಿಯಲ್ಲಿ ಸುರಿದುಬಿಟ್ಟಿದ್ದಳು.

"ಇಲ್ಲಿ ಕಾರ್ಯದರ್ಶಿ ಯಾರು?" ಎಂದು ಹಿಂದಿನಿಂದ ಒಂದು ದನಿ ಕೇಳಿತು.

ನಿಧಿಯವರು. ಅರ್ಧ ಗಂಟೆ ಮೊದಲೇ. ಐವತ್ತರ ಆಸುಪಾಸಿನ ಹೆಂಗಸು, ಹೆಗಲಲ್ಲಿ ಚೀಲ, ಬಸ್ಸಿಳಿದು ನಡೆದುಬಂದ ಬೆವರು. ಜೊತೆಯಲ್ಲಿ ನರ್ಸಮ್ಮ, ಅವರನ್ನು ನಿಲ್ದಾಣದಿಂದ ಕರೆತರಲು ಹೋಗಿದ್ದವರು. ನರ್ಸಮ್ಮನ ಕಣ್ಣು ಬೀದಿಯ ಉದ್ದಗಲಕ್ಕೆ ಓಡಿ, ಬುಟ್ಟಿಯ ಮೇಲೆ ನಿಂತು, ಕೊನೆಗೆ ಕಾಜಕ್ಕನ ಬೆರಳಿಗೆ ಅಂಟಿದ್ದ ಬಣ್ಣಕ್ಕೆ ಬಂತು. ಅವರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಅಯ್ಯೋ ನಿನ್ನ" ಎಂದರು ಮೆಲ್ಲಗೆ.

ಕಾಜಕ್ಕ ಬಾಯಿ ತೆರೆದಳು. "ಮೇಡಂ, ಪಟ್ಟಿಯ ವಿಷಯ ಏನೆಂದರೆ..."

ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಕರಕರ ಸದ್ದು. ಅಂಚೆ ಹಂಚುವ ಹುಡುಗಿ ಮಂಚವನ್ನು ಎಳೆದುಕೊಂಡು ಬರುತ್ತಿದ್ದಳು. ತಲೆಯ ಕಡೆ ಎತ್ತಬಹುದಾದ ಮಂಚ, ನಿಧಿಯ ನೆರವಿನಲ್ಲಿ ಕೊಂಡದ್ದು. ಅದರ ಗಾಲಿ ಸಣ್ಣವು, ಬೀದಿ ಹೊಂಡದ್ದು. ಹತ್ತು ಹೆಜ್ಜೆಗೊಮ್ಮೆ ನಿಂತು ಎತ್ತಿ ಇಳಿಸುತ್ತಿದ್ದಳು. ಆ ಹುಡುಗಿಯ ಅಜ್ಜಿ ಸೊಂಟದ ಮೂಳೆ ಮುರಿದು ಎರಡು ತಿಂಗಳಿಂದ ಮಲಗಿದ್ದು ಬೀದಿಯಲ್ಲಿ ಮುಚ್ಚಿಡಲಾಗದೆ ಉಳಿದಿದ್ದ ಒಂದೇ ಸುದ್ದಿ.

"ಅಜ್ಜಿ ಎಲ್ಲಿ?" ಕಾಜಕ್ಕ ಓಡಿದಳು.

"ನೆಲದ ಮೇಲೆ ಹಾಸಿ ಮಲಗಿಸಿದ್ದೀನಿ." ಹುಡುಗಿ ಏದುಸಿರು ಬಿಡುತ್ತಿದ್ದಳು. "ನಮ್ಮ ಸೌಟು ಬುಟ್ಟೀಲಿ ನೋಡ್ದೆ. ಬಸ್ ಉರುಳಿದೆ ಅಂದ್ರು. ಅಜ್ಜೀನೇ ಅಂದ್ಲು, ನನಗಿಂತ ಹೆಚ್ಚು ಪೆಟ್ಟಾದೋರು ಇರ್ತಾರೆ, ಕೊಟ್ಟು ಬಾ ಅಂತ. ತಡ ಆಯ್ತಾ ಅಕ್ಕಾ?"

ಕಾಜಕ್ಕ ಮಂಚದ ತಲೆಯ ಕಡೆ ಹಿಡಿದು ತಿರುಗಿಸಲು ನೋಡಿದಳು, ಅದು ಹೊಂಡಕ್ಕೆ ಸಿಕ್ಕಿ ಅಲುಗಾಡಲಿಲ್ಲ. ನಿಧಿಯವರು ಬಂದಿದ್ದಾರೆ, ನಿಂತಿದ್ದಾರೆ, ಮೂರು ವರ್ಷದ ಮಾತು ಅವರ ಚೀಲದಲ್ಲಿದೆ ಎಂದೆಲ್ಲ ಗೊತ್ತಿತ್ತು. "ಹಿಡೀರಿ ಯಾರಾದ್ರೂ!" ಎಂದು ಕೂಗಿದಳು. ಸೈಕಲ್‌ನವನು ಒಂದು ಕಡೆ, ಮೇಸ್ತ್ರಿ ಒಂದು ಕಡೆ ಬಂದು ಕೈ ಹಾಕಿದರು. ನಾಲ್ಕನೆಯ ಕಾಲಿಗೆ ಕೈ ಹಾಕಿದ್ದು ಯಾರೆಂದು ಅವಳು ನೋಡಿದ್ದು ಎರಡು ಮನೆ ದಾಟಿದ ಮೇಲೆ. ಚೀಲವನ್ನು ಮಂಚದ ಮೇಲೆ ಎಸೆದು ನಿಧಿಯವರೇ ಎತ್ತಿಕೊಂಡು ಬರುತ್ತಿದ್ದರು.

ಅಜ್ಜಿ ನೆಲದ ಹಾಸಿಗೆಯಲ್ಲಿ ಅಂಗಾತ ಮಲಗಿ ಕಣ್ಣು ಬಿಟ್ಟುಕೊಂಡಿದ್ದಳು. ತುಟಿ ಬಿಗಿಹಿಡಿದಿದ್ದಳು, ನೋವಾಗಿದೆ ಎಂದು ಅಷ್ಟರಲ್ಲೇ ತಿಳಿಯುತ್ತಿತ್ತು.

"ಯಾಕೆ ವಾಪಸ್ ತಂದ್ರಿ? ಅಲ್ಲಿ ಸಾಕಾಯ್ತಾ?"

"ಯಾರಿಗೂ ಏನೂ ಆಗಿಲ್ಲ ಅಜ್ಜೀ. ಬಸ್ಸೇ ಉರುಳಿಲ್ಲ. ತಪ್ಪು ನನ್ದು."

"ಉರುಳಿಲ್ವಾ?" ಅಜ್ಜಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು. "ಅಷ್ಟು ಕಷ್ಟಪಟ್ಟು ಇಳಿದೆನಲ್ಲೇ!"

ನರ್ಸಮ್ಮ ಹೇಳಿದಂತೆ ಹೊದಿಕೆಯ ನಾಲ್ಕು ಮೂಲೆ ಹಿಡಿದು ಮೇಲೆತ್ತಿ ಮಲಗಿಸಿದರು. ನಿಧಿಯವರು ಅಜ್ಜಿಯ ಕಾಲಿನ ಕಡೆ ಇದ್ದರು. ಬೆನ್ನು ನೋಡಿದ ನರ್ಸಮ್ಮ, "ಹುಣ್ಣಿಲ್ಲ, ಚೆನ್ನಾಗಿ ನೋಡ್ಕೊಂಡಿದ್ದೀಯ" ಎಂದಾಗ ಅಂಚೆಯ ಹುಡುಗಿ ಗೋಡೆಗೆ ತಿರುಗಿ ಮುಖ ಒರೆಸಿಕೊಂಡಳು.

ಆಮೇಲೆ ಅದೇ ಮನೆಯ ಮೆಟ್ಟಿಲ ಮೇಲೆ ನಿಧಿಯವರು ಕೂತು, ಚೀಲದಿಂದ ಅರ್ಜಿ ತೆಗೆದರು. ಪಟ್ಟಿ ಕೇಳಿದ್ದ ಪ್ರಶ್ನೆಯ ಪಕ್ಕ ಪೆನ್ಸಿಲಿನಲ್ಲಿ ಒಂದು ಸೊನ್ನೆ ಸುತ್ತಿತ್ತು. ಕಾಜಕ್ಕ ಅದನ್ನು ದೂರದಿಂದಲೇ ಕಂಡಳು.

"ಅದು ಸುಳ್ಳು ಮೇಡಂ" ಎಂದಳು, ಅವರು ಬಾಯಿ ತೆರೆಯುವ ಮೊದಲೇ. "ಪಟ್ಟಿ ಇಲ್ಲ. ಖಾಲಿ ಬಿಟ್ರೆ ಚೆನ್ನಾಗಿರಲ್ಲ ಅಂತ ಬರೆದೆ. ನರ್ಸಮ್ಮನಿಗೆ ಗೊತ್ತಿಲ್ಲ. ತಪ್ಪು ನನ್ನೊಬ್ಬಳದೇ."

ನರ್ಸಮ್ಮ ಅವಳನ್ನೇ ದಿಟ್ಟಿಸಿದರು. ನಿಧಿಯವರು ಬೈಯಲಿಲ್ಲ. "ಲಗತ್ತು ಬರದೇ ಇದ್ದದ್ದು ನನಗೆ ಅವತ್ತೇ ಗೊತ್ತಾಯ್ತು. ಅದನ್ನ ಕೇಳೋಕೇ ಬಂದದ್ದು. ಪಟ್ಟಿ ಇಲ್ಲದ ಅರ್ಜಿ ಸಮಿತಿ ಮುಂದೆ ಹೋಗಲ್ಲ, ಅದು ನಿಯಮ. ದುಡ್ಡು ಊರಿನವರದು, ಯಾರಿಗೆ ಹೋಯ್ತು ಅಂತ ಅವರು ಕೇಳೋದು ತಪ್ಪಲ್ಲ ನೋಡಿ." ಸ್ವಲ್ಪ ತಡೆದು, "ಆದ್ರೆ ಇವತ್ತು ಎಲ್ಲರೂ ಬೀದಿಗೇ ಬಂದ್ರು. ನೀವು ಕಣ್ಣಾರೆ ನೋಡಿದ್ರಿ, ನಾನೂ ನೋಡ್ದೆ. ಈಗ ಕೂತು ಹದಿನೆಂಟು ಹೆಸರು ಬರೆದುಕೊಟ್ರೆ ಸೋಮವಾರ ನಾನೇ ಮುಂದೆ ಇಡ್ತೀನಿ. ಹತ್ತು ನಿಮಿಷದ ಕೆಲಸ" ಎಂದು ಪೆನ್ನು ಚಾಚಿದರು.

ಕಾಜಕ್ಕ ಪೆನ್ನು ತೆಗೆದುಕೊಂಡಳು. ಹೌದಲ್ಲ! ತಿಂಗಳಿಂದ ನಿದ್ದೆ ಕೆಡಿಸಿದ ಪಟ್ಟಿ ತಾನಾಗಿ ನಡೆದುಬಂದು ಬಾಗಿಲಲ್ಲಿ ನಿಂತಿತ್ತು.

"ಬರಿ, ಬರಿ" ಎಂದರು ನರ್ಸಮ್ಮ. "ಇನ್ನು ಮುಚ್ಚಿಡೋಕೆ ಏನು ಉಳಿದಿದೆ? ಬೀದಿಗೆ ಬೀದಿಯೇ ನೋಡಿದೆ."

"ನೀವೇ ಮಾಡಿದ ಕಟ್ಟು ಅದು ನರ್ಸಮ್ಮಾ" ಎಂದ ಸೈಕಲ್‌ನವನು.

"ಕಟ್ಟು ಮಾಡಿದ್ದು ಕೋಣೆ ನಡೀಲಿ ಅಂತ. ಕೋಣೆನೇ ಹೋದ್ರೆ ಕಟ್ಟು ತಗೊಂಡು ಏನು, ತಲೆದಿಂಬು ಮಾಡ್ಕೊಳ್ಲಾ?"

ಅದೂ ಸರಿ. ಕಾಜಕ್ಕನಿಗೆ ಇಬ್ಬರ ಮಾತೂ ಸರಿಯೆಂದೇ ತೋರಿತು. ಅವಳ ಕಷ್ಟವೇ ಅದು, ಯಾವಾಗಲೂ. ಹಾಳೆಯ ಮೇಲೆ "೧" ಎಂದು ಹಾಕಿದಳು. ತಲೆ ಎತ್ತಿದರೆ ಮೇಸ್ತ್ರಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಬೇಡ ಎನ್ನಲಿಲ್ಲ, ಬರೆ ಎನ್ನಲಿಲ್ಲ. ಕೊರಳಿನ ಟೇಪನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ.

ಇವರೆಲ್ಲ ಬೀದಿಗೆ ಬಂದದ್ದು ಬಸ್ಸಿನಲ್ಲಿ ಪೆಟ್ಟಾದವರಿಗೆಂದು. ಪಟ್ಟಿಗೆ ಹೆಸರು ಕೊಡಲು ಅಲ್ಲ. ತನ್ನ ತಪ್ಪಿನಿಂದ ಹೊರಬಿದ್ದದ್ದನ್ನು ತಾನೇ ಆರಿಸಿಕೊಂಡು ಬರೆದರೆ, ನಾಳೆ ಇನ್ನೊಬ್ಬ ಮೇಸ್ತ್ರಿ ಬಂದಾನೆಯೆ? ಬಾರದಿದ್ದರೆ ಆ ಅಪ್ಪ ಏನು ಮಾಡಬೇಕು? ಆದರೆ ಬರೆಯದೆ ಕೋಣೆ ಮುಚ್ಚಿದರೂ ಅದೇ ಅಪ್ಪ, ಅದೇ ಪಾಡು. ಯಾವ ದಾರಿಯಲ್ಲಿ ಹೋದರೂ ಅದೇ ಮನೆಗೆ ಬಂದು ಮುಟ್ಟುತ್ತಿತ್ತು.

ಕೊನೆಗೆ ಅವಳು ಅರ್ಜಿಯನ್ನು ತೊಡೆಯ ಮೇಲೆಳೆದುಕೊಂಡು, "ಲಗತ್ತಿಸಿದೆ" ಎನ್ನುವುದನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿದಳು. ಕೆಳಗೆ ಬರೆದಳು: "ಪಟ್ಟಿ ಇಲ್ಲ. ನಾವು ಹೆಸರು ಬರೆದುಕೊಳ್ಳುವುದಿಲ್ಲ, ಇನ್ನು ಮುಂದೆಯೂ ಬರೆದುಕೊಳ್ಳುವುದಿಲ್ಲ. ಮೊದಲು ಬರೆದದ್ದು ತಪ್ಪು." ಸಹಿ ಮಾಡಿದಳು. ಅಕ್ಷರ ದುಂಡಗೆ ಬರಲಿಲ್ಲ.

ನಿಧಿಯವರು ಎರಡು ಸಲ ಓದಿ ಮಡಚಿದರು. "ಹೀಗೇ ಮುಂದೆ ಇಡ್ತೀನಿ. ನೋಡಿದ್ದನ್ನ ಹೇಳ್ತೀನಿ. ಒಂಬತ್ತು ಜನ ಇದ್ದಾರೆ, ನಾನೊಬ್ಬಳೇ ಅಲ್ಲ" ಎಂದು ಎದ್ದರು. ಅದರಲ್ಲಿ ಭರವಸೆ ಎಷ್ಟು, ಬುದ್ಧಿವಾದ ಎಷ್ಟು ಎಂದು ಕಾಜಕ್ಕನಿಗೆ ತಿಳಿಯಲಿಲ್ಲ. ನರ್ಸಮ್ಮ ಅವಳೊಡನೆ ಮಾತಾಡದೆ ಹೋದರು.

ಆಮೇಲಿನ ಹನ್ನೆರಡು ದಿನವನ್ನು ಅವಳು ಹೇಗೆ ಕಳೆದಳೆಂದು ಕೇಳಬಾರದು. ಎರಡು ಅಂಗಿಗಳಿಗೆ ಕಾಜಾವನ್ನು ಎಡಗಡೆಗೆ ಬದಲು ಬಲಗಡೆಗೆ ಹಾಕಿದಳು. ಮೇಸ್ತ್ರಿ ಅವನ್ನು ಎತ್ತಿಕೊಂಡು ನೋಡಿ, ಏನೂ ಅನ್ನದೆ, ತಾನೇ ಕೂತು ಬಿಚ್ಚಿದ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಗಂಡ ಮಾತ್ರ ಪ್ರತಿ ಸಂಜೆ ಒಳಗೆ ಬರುತ್ತಲೇ, "ಇವತ್ತೂ ಬಸ್ ಉರುಳಿಸಿಲ್ಲ ಕಣೇ, ನಿಮ್ಮ ಬೀದಿಗೆ ಹೇಳಿಬಿಡು" ಎನ್ನುತ್ತಿದ್ದ. ಅವಳು ನಗುತ್ತಿರಲಿಲ್ಲ. ಒಂದು ದಿನ ಕೋಣೆಗೆ ಹೋದಾಗ ಗಾಳಿ ಹಾಸಿಗೆಯ ಕೊಕ್ಕೆ ಖಾಲಿ ಇತ್ತು, ಹಾಸಿಗೆ ಮಾತ್ರ ಮೂಲೆಯಲ್ಲಿ ಸುತ್ತಿಟ್ಟಿತ್ತು. ಔಷಧಿ ಅಂಗಡಿಯವಳು ಗುರುತು ಒಯ್ದಿದ್ದಳು. ಬೇಡವಾಗಿ ಕೊಟ್ಟಳೋ, ನಾಚಿಕೆಯಿಂದ ಕೊಟ್ಟಳೋ? ಆ ಅಂಗಡಿಯ ಮುಂದೆ ಎರಡು ಸಲ ಹಾದುಹೋದರೂ ಕೇಳುವ ಬಾಯಿ ಬರಲಿಲ್ಲ.

ಹದಿಮೂರನೆಯ ದಿನ ಕಾಗದ ಬಂತು. ತಂದದ್ದು ಅಂಚೆಯ ಹುಡುಗಿ. ಕೊಟ್ಟು ಹೋಗದೆ ಅಲ್ಲೇ ನಿಂತಳು. ನರ್ಸಮ್ಮ ಮಾತು ಬಿಟ್ಟಿದ್ದನ್ನು ಮರೆತು, "ಓದೇ, ಒಡೆದು ಓದೇ" ಎಂದು ಗದರಿದರು.

ಮೂರು ವರ್ಷಕ್ಕಲ್ಲ, ಎರಡು ವರ್ಷಕ್ಕೆ ಕೊಟ್ಟಿದ್ದರು. ಹೆಸರಿನ ಪಟ್ಟಿ ಬೇಕಿಲ್ಲ ಎಂದು ಒಂಬತ್ತರಲ್ಲಿ ಐದು ಜನ ಒಪ್ಪಿದ್ದರಂತೆ. ಅದರ ಬದಲು ಪ್ರತಿ ತಿಂಗಳು ಮೂರು ಅಂಕೆ ಕಳಿಸಬೇಕು: ಎಷ್ಟು ಸಾಮಾನು ಹೋಯಿತು, ಎಷ್ಟು ಹಿಂದೆ ಬಂತು, ಎಷ್ಟು ಜನ ಕಾಯುತ್ತಿದ್ದಾರೆ.

ಸೈಕಲ್‌ನವನು ಕುಣಿಯುವುದೊಂದು ಬಾಕಿ. ನರ್ಸಮ್ಮ ಕುರ್ಚಿಯ ಮೇಲೆ ದೊಪ್ಪನೆ ಕೂತು, "ಎರಡು ವರ್ಷ! ನಾನು ಅಷ್ಟು ದಿನ ಇರ್ತೀನೋ ಇಲ್ವೋ" ಎಂದು ನಕ್ಕರು. ಕಾಜಕ್ಕ ಕಾಗದವನ್ನು ಮೂರನೆಯ ಸಲ ಓದುತ್ತಿದ್ದಳು.

"ಮೊದಲ ಎರಡು ಗೋಡೆ ನೋಡಿದ್ರೆ ಗೊತ್ತಾಗತ್ತೆ" ಎಂದಳು. "ಮೂರನೇದು?"

"ಸೊನ್ನೆ ಹಾಕು" ಎಂದ ಸೈಕಲ್‌ನವನು. "ಬುಟ್ಟಿ ಖಾಲಿ ಇದೆ. ಯಾರೂ ಕಾಯ್ತಿಲ್ಲ."

"ಬಂದು ಕೇಳಿದೋರು ಯಾರೂ ಇಲ್ಲ. ಕಾಯ್ತಿರೋರೂ ಇಲ್ಲ ಅಂತ ನಮಗೆ ಹೆಂಗೆ ಗೊತ್ತು?"

"ಶುರುವಾಯ್ತು ನೋಡಿ ಇವಳದು" ಎಂದ ಅವನು ನರ್ಸಮ್ಮನಿಗೆ. ಆದರೆ ನರ್ಸಮ್ಮ ನಗು ನಿಲ್ಲಿಸಿದ್ದರು.

ಕಾಲುವೆಯ ಆಚೆ ತಗಡಿನ ಮನೆಗಳ ಎರಡು ಸಾಲಿತ್ತು. ಇಟ್ಟಿಗೆ ಗೂಡಿಗೆ, ಗೋದಾಮಿಗೆ ಕೆಲಸಕ್ಕೆ ಹೋಗುವವರ ಮನೆಗಳು. ಭಾರ ಹೊರುವ ಮೈಗಳು. ಅಲ್ಲಿ ಯಾರ ಸೊಂಟವೂ ಬೀಳುವುದಿಲ್ಲವೆ? ನಾಲ್ಕು ವರ್ಷದಲ್ಲಿ ಅಲ್ಲಿಂದ ಒಂದು ಗುರುತೂ ಗೋಡೆಗೆ ಬಂದಿರಲಿಲ್ಲ. ಅವರ ದಾರಿ ಈ ಗಾಜಿನ ಮುಂದೆ ಹಾಯುವುದೇ ಇಲ್ಲ ಎಂದು ಇಷ್ಟು ದಿನ ಯಾರೂ ಯೋಚಿಸಿರಲಿಲ್ಲ. ಸೊನ್ನೆ ಹಾಕಿದರೆ ಅದೂ ಒಂದು ಸುಳ್ಳೇ, ಮತ್ತೆ ತನ್ನ ಕೈಯಿಂದಲೇ.

ಭಾನುವಾರ ಬೆಳಿಗ್ಗೆ ಅವಳು ಕಾಲುವೆಯ ಸೇತುವೆ ದಾಟಿದಳು. ನರ್ಸಮ್ಮ ಮಂಡಿ ನೋವೆಂದು ಸೇತುವೆಯ ಕಟ್ಟೆಯ ಮೇಲೆ ಕೂತು, "ಹೋಗು, ನಾನು ಇಲ್ಲೇ ನೋಡ್ತಿರ್ತೀನಿ" ಎಂದರು. ಮೊದಲ ಬಾಗಿಲಿನ ಮುಂದೆ ನಿಂತು ಕಾಜಕ್ಕ ಎರಡು ಸಲ ಕೈ ಎತ್ತಿ ಇಳಿಸಿದಳು. ಏನೆಂದುಕೊಂಡಾರು? ಬೈದರೆ? ಮೂರನೆಯ ಸಲ ತಟ್ಟಿದಳು.

ತೆರೆದವಳು ಇಟ್ಟಿಗೆಯ ಧೂಳು ಹೋಗದ ಕೈಗಳ ಹೆಂಗಸು. "ಏನು ಮಾರೋಕೆ ಬಂದ್ರಿ?"

"ಮಾರೋಕಲ್ಲಮ್ಮಾ." ಮನೆಯಲ್ಲಿ ಹೇಳಿ ನೋಡಿಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು. "ಮನೇಲಿ ಯಾರಿಗಾದ್ರೂ... ಎದ್ದು ಓಡಾಡೋಕೆ ಕಷ್ಟ ಆಗಿದೆಯಾ?"

ಆ ಹೆಂಗಸು ಕಾಜಕ್ಕನ ಮುಖವನ್ನು ನೋಡಿದಳು, ಸೇತುವೆಯ ಮೇಲೆ ಕೂತವರನ್ನು ನೋಡಿದಳು, ಬೇರೆ ಬಾಗಿಲುಗಳಲ್ಲಿ ಯಾರಾದರೂ ನಿಂತಿದ್ದಾರೆಯೇ ಎಂದು ಸಾಲನ್ನು ನೋಡಿದಳು. ಆಮೇಲೆ ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

"ಬೇಗ ಒಳಗೆ ಬನ್ನಿ" ಎಂದಳು.